ಅಂಗಡಿಯವನಿಗೂ ಒಂದು ನಮಸ್ಕಾರ ಇರಲಿ

ಪತ್ರ: ಸಂಪಾದಕರೇ, ನಾನು ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ರಜೆಗೆ ಬಂದ ಮೊಮ್ಮಗ 'ಅಸ್ಯಾಸಿನ್ಸ್ ಕ್ರೀಡ್ 2' ಎಂಬ ವಿಡಿಯೊ ಗೇಮ್ ಆಡುತ್ತಿದ್ದ. ಹದಿನೈದನೇ ಶತಮಾನದ ಇಟಲಿಯ ಫ್ಲಾರೆನ್ಸ್ ಅಂತ ಕೇಳಿ ನಾನೂ ಪಕ್ಕದಲ್ಲಿ ಕುಳಿತೆ. ಕಟ್ಟಡಗಳು ಚೆನ್ನಾಗಿವೆ, ಇಲ್ಲವೆನ್ನಲಾರೆ. ಆದರೆ ಬೀದಿ ಬದಿಯಲ್ಲಿ ಒಬ್ಬ ಚಿತ್ರ ಮಾರುವವನಿದ್ದಾನೆ. ಹುಡುಗ ಗುಂಡಿ ಒತ್ತಿದ. ಪಟ್ಟಿ ಬಂತು, ಬೆಲೆ ಬಂತು, ದುಡ್ಡು ಕಳೆಯಿತು, ಚಿತ್ರ ಬಂಗಲೆಯ ಗೋಡೆ ಸೇರಿತು. ಒಂದು ಕಡೆ ಕತ್ತಿಯ ಅಂಗಡಿ, ಇನ್ನೊಂದು ಕಡೆ ಔಷಧಿ ಮಾರುವವನು, ಅವರ ಸಾಲಿನಲ್ಲೇ ಮಹಾನ್ ಕಲೆ! ಕಲೆಯನ್ನು ಕಿರಾಣಿ ಸಾಮಾನು ಮಾಡಿದ ಈ ಧೋರಣೆಯನ್ನು ನೀವಾದರೂ ಖಂಡಿಸಿ.
— ಓದುಗರೊಬ್ಬರು, ದಾವಣಗೆರೆ

ಉತ್ತರ: ಖಂಡಿಸುವುದಿಲ್ಲ ಮೇಷ್ಟ್ರೇ, ಬೇಜಾರು ಮಾಡ್ಕೋಬೇಡಿ. ನಿಮ್ಮ ಪತ್ರ ಓದಿ ನನಗೆ ಖುಷಿಯೇ ಆಯಿತು. ಮೊಮ್ಮಗ ಗೇಮ್ ಆಡುತ್ತಿದ್ದರೆ 'ಕಣ್ಣು ಹಾಳಾಗುತ್ತೆ, ಆಫ್ ಮಾಡು' ಎಂದು ಒಳಗಿನಿಂದಲೇ ಕೂಗುವ ಅಜ್ಜಂದಿರೇ ಜಾಸ್ತಿ. ನೀವು ಪಕ್ಕದಲ್ಲಿ ಕುಳಿತು ಊರೆಲ್ಲ ನೋಡಿದ್ದೀರಿ. ಆದರೆ ಗುಮ್ಮಟ, ಗೋಪುರ ಎಲ್ಲವನ್ನೂ ಮೆಚ್ಚಿದ ಕಣ್ಣು ಅಂಗಡಿಯವನನ್ನು ಕಂಡ ಕೂಡಲೇ ಕೆಂಪಾಯಿತಲ್ಲ, ನನ್ನ ತಕರಾರು ಅದೇ.

ನಿಮ್ಮ ಮಾತಿನಲ್ಲಿ ನಿಜ ಇಲ್ಲವೇ ಅಂದರೆ, ಇದೆ. ಗೇಮಿನ ಕಥೆ ಶುರುವಾಗುವುದು 1476ರಲ್ಲಿ. ಆಗಿನ ಫ್ಲಾರೆನ್ಸಿನಲ್ಲಿ ದೊಡ್ಡ ಕಲಾವಿದರ ದೊಡ್ಡ ಚಿತ್ರಗಳನ್ನು ಸಾಲಾಗಿ ಜೋಡಿಸಿಟ್ಟು ಗಿರಾಕಿಗೆ ಕಾಯುವ ಪದ್ಧತಿ ಇರಲಿಲ್ಲ. ಚರ್ಚೋ, ಸಂಘವೋ, ಶ್ರೀಮಂತರ ಮನೆಯೋ ಮೊದಲು ಆರ್ಡರ್ ಕೊಡಬೇಕು. ಚಿತ್ರ ಆಮೇಲೆ. ಇನ್ನೊಂದು ಎಡವಟ್ಟೂ ಇದೆ. ಗೇಮಿನಲ್ಲಿ ಚಿತ್ರ ಕೊಂಡಷ್ಟೂ ನಾಯಕ ಎಟ್ಸಿಯೊನ ಬಂಗಲೆಯ ಬೆಲೆ ಏರುತ್ತದೆ. ಇಪ್ಪತ್ತು ನಿಮಿಷಕ್ಕೊಮ್ಮೆ ಪೆಟ್ಟಿಗೆಗೆ ಬೀಳುವ ಆದಾಯವೂ ಏರುತ್ತದೆ. ನಿಜವಾದ ಫ್ಲಾರೆನ್ಸಿನ ಲೆಕ್ಕ ಬೇರೆ. 1492ರಲ್ಲಿ ಊರನ್ನಾಳುತ್ತಿದ್ದ ಶ್ರೀಮಂತ ಲೊರೆಂಜೊ ಮೆಡಿಚಿ ತೀರಿಕೊಂಡಾಗ ಮನೆಯ ಸಾಮಾನಿನ ಪಟ್ಟಿ ಮಾಡಿದರು. ಹಳೆಯ ಕಾಲದ, ಕಲ್ಲಿನಲ್ಲಿ ಕೊರೆದ ಒಂದು ಬಟ್ಟಲಿಗೆ 10,000 ಫ್ಲೋರಿನ್ (ಅಲ್ಲಿನ ಚಿನ್ನದ ನಾಣ್ಯ) ಬೆಲೆ ಕಟ್ಟಿದ್ದಾರೆ. ಫ್ರಾ ಆಂಜೆಲಿಕೊ ಬರೆದದ್ದೆಂದು ನಮೂದಿಸಿದ ದುಂಡನೆಯ ಚಿತ್ರಕ್ಕೆ 100. ಗೋಡೆ ಮೇಲಿನ ಚಿತ್ರದಿಂದ ಯಾರೂ ಶ್ರೀಮಂತರಾಗುತ್ತಿರಲಿಲ್ಲ.

ನಿಮಗೆ ಕೊಡಬೇಕಾದ ಮಾರ್ಕು ಕೊಟ್ಟಾಯಿತು. ಈಗ ನನ್ನ ಸರದಿ.

ಆ ಗೇಮ್ ಮಾಡಿದವರು ಕಲೆಯನ್ನು ಹಗುರವಾಗಿ ಕಂಡಿದ್ದಾರೆ ಎಂದು ನನಗನಿಸುವುದಿಲ್ಲ. ಶುರುವಿನಲ್ಲೇ ಎಟ್ಸಿಯೊನ ತಾಯಿ ಮರಿಯಾ ಮಗನನ್ನು ಚಿತ್ರಕಾರ ಲಿಯೊನಾರ್ಡೊ ಡ ವಿಂಚಿಯ ಕಾರ್ಯಾಗಾರಕ್ಕೆ ಕರೆದೊಯ್ಯುತ್ತಾಳೆ. ಚಿತ್ರಗಳ ಪೆಟ್ಟಿಗೆಯನ್ನು ಮಗನ ಕೈಲೇ ಹೊರಿಸಿಕೊಂಡು ಮನೆಗೆ ಬರುತ್ತಾಳೆ. ಮುಂದೆ ಬಂಗಲೆಯ ಜಮಾಖರ್ಚಿನ ಪುಸ್ತಕ ತಂಗಿ ಕ್ಲಾಡಿಯಾಳ ಸುಪರ್ದಿಗೆ ಬರುತ್ತದೆ. ಚಿತ್ರವನ್ನು ಯಾರೋ ಹೊರಬೇಕು, ಯಾರೋ ಲೆಕ್ಕ ಬರೆಯಬೇಕು. ಕಲೆಯ ಬಗ್ಗೆ ಭಾರೀ ಭಾರೀ ಮಾತಾಡುವ ಎಷ್ಟೋ ಭಾಷಣಗಳಲ್ಲಿ ಇಷ್ಟು ಸಣ್ಣ ಸತ್ಯ ಇರುವುದಿಲ್ಲ.

ಔಷಧಿಯವನ ಸಾಲಿನಲ್ಲಿ ಚಿತ್ರ ಎಂದು ಮೂಗು ಮುರಿದಿದ್ದೀರಿ. ಫ್ಲಾರೆನ್ಸಿನ ಚಿತ್ರಕಾರರು ಸೇರಬೇಕಾಗಿದ್ದ ಸಂಘ ಯಾವುದು ಗೊತ್ತೇ? ವೈದ್ಯರು ಮತ್ತು ಔಷಧಿ ವ್ಯಾಪಾರಿಗಳ ಸಂಘ! ಬಣ್ಣದ ಪುಡಿ ಸಿಗುತ್ತಿದ್ದದ್ದೂ ಔಷಧಿ ಅಂಗಡಿಯಲ್ಲೇ. 1485ರಲ್ಲಿ ಚಿತ್ರಕಾರ ಗಿರ್ಲಾಂಡಾಯೊ ಅಲ್ಲಿನ ಅನಾಥಾಲಯಕ್ಕೆ ಚಿತ್ರ ಬರೆದುಕೊಡಲು ಒಪ್ಪಿದ ಕರಾರುಪತ್ರ ಇವತ್ತಿಗೂ ಇದೆ. ಒಟ್ಟು 115 ಫ್ಲೋರಿನ್. ನೀಲಿ ಬಣ್ಣ ಔನ್ಸಿಗೆ ಸುಮಾರು 4 ಫ್ಲೋರಿನ್ ಬೆಲೆಯದೇ ಆಗಿರಬೇಕು ಎಂದು ಬರೆಸಿಕೊಂಡಿದ್ದಾರೆ. ಆಫ್ಘಾನಿಸ್ತಾನದ ಬದಖ್‌ಶಾನ್ ಕಡೆಯಿಂದ ಬರುತ್ತಿದ್ದ ಕಲ್ಲನ್ನು ಅರೆದು ಮಾಡುವ ನೀಲಿ ಅದು. ಅದರಲ್ಲಿ ಕಲಬೆರಕೆ ಆಗಬಾರದಲ್ಲ! ಕೊನೆಗೆ ಚಿತ್ರ ಅಷ್ಟು ಬೆಲೆ ಬಾಳುವುದಿಲ್ಲ ಅನಿಸಿದರೆ, ತನಗೆ ಸರಿ ತೋಚಿದಷ್ಟು ಕಡಿಮೆ ಕೊಡುವ ಹಕ್ಕನ್ನು ಆರ್ಡರ್ ಕೊಟ್ಟ ಪಾದ್ರಿ ತನ್ನ ಬಳಿಯೇ ಇಟ್ಟುಕೊಂಡಿದ್ದಾನೆ. ಗೇಮಿನ ಅಂಗಡಿಯವನು ಒಂದೇ ರೇಟು ಹೇಳುತ್ತಾನೆ, ದುಡ್ಡು ತೆಗೆದುಕೊಂಡು ಚಿತ್ರ ಕೊಡುತ್ತಾನೆ. ಇಬ್ಬರಲ್ಲಿ ಯಾರು ಮೇಲು, ನೀವೇ ಹೇಳಿ.

ಇದೇ ಗಿರ್ಲಾಂಡಾಯೊ ತನ್ನ ಹುಡುಗರಿಗೆ ಹೇಳುತ್ತಿದ್ದನಂತೆ: ಅಂಗಡಿಗೆ ಬಂದ ಯಾವ ಕೆಲಸವನ್ನೂ ವಾಪಸ್ ಕಳಿಸಬೇಡಿ, ಹೆಂಗಸರ ಬುಟ್ಟಿಯ ಸುತ್ತುಪಟ್ಟಿಗೆ ಬಣ್ಣ ಹಚ್ಚಿಕೊಡಿ ಅಂದರೂ ಸರಿ, ನಿಮಗಾಗದಿದ್ದರೆ ನಾನೇ ಹಚ್ಚುತ್ತೇನೆ. ಕಲಾವಿದರ ಚರಿತ್ರೆ ಬರೆದಿಟ್ಟ ವಸಾರಿ ಇದನ್ನು ಮೆಚ್ಚುಗೆಯಿಂದಲೇ ಹೇಳಿದ್ದಾನೆ. ಆ ಅಂಗಡಿಗೆ 1488ರಲ್ಲಿ ಕೆಲಸ ಕಲಿಯಲು ಬಂದ ಹುಡುಗರಲ್ಲಿ ಒಬ್ಬನ ಹೆಸರು ಮೈಕೆಲ್ಯಾಂಜೆಲೊ. ಮುಂದೆ 1548ರಲ್ಲಿ, ಎಪ್ಪತ್ತು ದಾಟಿದ ಮೇಲೆ, ಅವನು ತಮ್ಮನ ಮಗನಿಗೆ ಕಾಗದ ಬರೆಯುತ್ತಾನೆ: ನನ್ನನ್ನು 'ಶಿಲ್ಪಿ ಮೈಕೆಲ್ಯಾಂಜೆಲೊ' ಎಂದು ಕರೆಯಬೇಡಿ ಅಂತ ಹೇಳು, ಅಂಗಡಿ ಇಟ್ಟುಕೊಂಡವರ ಹಾಗೆ ನಾನೆಂದೂ ಚಿತ್ರಕಾರನೋ ಶಿಲ್ಪಿಯೋ ಆಗಿರಲಿಲ್ಲ. ನೋಡಿ ಮೇಷ್ಟ್ರೇ, ನಿಮ್ಮ ಪತ್ರದ ದನಿ ಇಲ್ಲೇ ಕೇಳಿಸುತ್ತದೆ. ಅಂಗಡಿಯಲ್ಲಿ ಕಲಿತವನೇ ಅಂಗಡಿಯನ್ನು ಹೀಗಳೆಯುವುದು ಆಗಿನಿಂದಲೂ ಇದೆ.

ಅವನಿಗೆ ವ್ಯಾಪಾರಿಗಳ ಮೇಲೆ ಸಿಟ್ಟು ಬರಲು ಕಾರಣವಿತ್ತು, ಅದನ್ನೂ ಹೇಳಿಬಿಡುತ್ತೇನೆ. ಇಪ್ಪತ್ತರ ಆಸುಪಾಸಿನಲ್ಲಿ ಅವನು ಮಲಗಿರುವ ಪ್ರೇಮದೇವತೆ ಕ್ಯುಪಿಡ್‌ನ ಅಮೃತಶಿಲೆಯ ಮೂರ್ತಿ ಮಾಡಿದ. ಬಾಲ್ದಸ್ಸಾರೆ ಎಂಬ ವ್ಯಾಪಾರಿ ಅದನ್ನು ಪುರಾತನ ಮೂರ್ತಿ ಎಂದು ನಂಬಿಸಿ ರೋಮಿನ ಕಾರ್ಡಿನಲ್, ಅಂದರೆ ಚರ್ಚಿನ ಹಿರಿಯ ಧರ್ಮಾಧಿಕಾರಿ, ರಿಯಾರಿಯೊಗೆ 200 ಡ್ಯೂಕಟ್‌ಗೆ ಮಾರಿದ. ಮೈಕೆಲ್ಯಾಂಜೆಲೊನ ಕೈಗೆ ಬಂದದ್ದು 30. ಮೋಸ ಗೊತ್ತಾಗಿ ಕಾರ್ಡಿನಲ್ ಮೂರ್ತಿ ವಾಪಸ್ ಕಳಿಸಿ ದುಡ್ಡು ವಸೂಲಿ ಮಾಡಿಕೊಂಡ. 1496ರಲ್ಲಿ ರೋಮಿಗೆ ಹೋದ ಮೈಕೆಲ್ಯಾಂಜೆಲೊ, 'ನಿನ್ನ ದುಡ್ಡು ತಗೋ, ನನ್ನ ಮೂರ್ತಿ ಕೊಡು' ಎಂದು ಕೇಳಿದರೆ, ಬಾಲ್ದಸ್ಸಾರೆ ನೂರು ಚೂರು ಮಾಡಿಯೇನು, ಕೊಡಲಾರೆ ಅಂದುಬಿಟ್ಟ. ಕಳ್ಳ ವ್ಯಾಪಾರಿ, ಒಪ್ಪಿದೆ. ಆದರೆ ಮೂರ್ತಿಯನ್ನು ಮಣ್ಣಿನಿಂದ ಅಗೆದು ತೆಗೆದ ಹಾಗೆ ಕಾಣಿಸುವಂತೆ ಮಾಡು, ರೋಮಿನಲ್ಲಿ ಒಳ್ಳೆ ಬೆಲೆ ಬರುತ್ತದೆ ಎಂದು ಉಪಾಯ ಹೇಳಿಕೊಟ್ಟವನು ಯಾರು? ಮೆಡಿಚಿ ಮನೆತನದವನೇ ಒಬ್ಬ. ಮೈಕೆಲ್ಯಾಂಜೆಲೊನ ಶಿಷ್ಯ ಬರೆದ ಚರಿತ್ರೆಯಲ್ಲೇ ಇದಿದೆ. ಹೇಳಿದ್ದು ದೊಡ್ಡಮನುಷ್ಯ, ಮಾಡಿದ್ದು ಕಲಾವಿದ, ಕಳ್ಳನೆಂಬ ಹೆಸರು ಅಂಗಡಿಯವನಿಗೆ.

ಈ ಕಾರ್ಡಿನಲ್ ರಿಯಾರಿಯೊ ಸಾಮಾನ್ಯನಲ್ಲ. 1478ರಲ್ಲಿ ಫ್ಲಾರೆನ್ಸಿನ ಚರ್ಚಿನಲ್ಲಿ ಪೂಜೆಯ ನಡುವೆಯೇ ಮೆಡಿಚಿ ಸೋದರರ ಮೇಲೆ ಚೂರಿ ಬಿತ್ತಲ್ಲ, ನಿಮ್ಮ ಮೊಮ್ಮಗ ಗೇಮಿನಲ್ಲಿ ಅದನ್ನು ಆಡಿಯೇ ಇರುತ್ತಾನೆ. ಆ ದಿನ ಅಲ್ಲಿದ್ದ ಹದಿಹರೆಯದ ಕಾರ್ಡಿನಲ್ ಇವನೇ. ಹುಡುಗನಿಗೆ ಹೇಳಿ, ಖುಷಿಪಡುತ್ತಾನೆ.

ಈಗ ನಿಮ್ಮ ಕಡೆಯ ಒಬ್ಬ ಹೆಣ್ಣುಮಗಳ ಕಥೆ. ಫ್ಲಾರೆನ್ಸಿನ ಶ್ರೀಮಂತ ಬೊರ್ಗೆರಿನಿ ಮನೆಯ ಮಲಗುವ ಕೋಣೆಗೆ ಮದುವೆಯ ಸಲುವಾಗಿ ಪೊಂಟೊರ್ಮೊ, ಆಂಡ್ರಿಯಾ ಡೆಲ್ ಸಾರ್ಟೊ ಮೊದಲಾದವರು ಬೈಬಲಿನ ಜೋಸೆಫನ ಕಥೆಯ ಚಿತ್ರ ಬರೆದಿದ್ದರು. ಮಂಚಕ್ಕೆ, ಪೆಟ್ಟಿಗೆಗಳಿಗೆ, ಗೋಡೆಗೆ ಕೂಡಿಸಿದ ಹಲಗೆಗಳು. 1529ರ ಸುಮಾರಿಗೆ ಊರಿಗೆ ಮುತ್ತಿಗೆ ಬಿತ್ತು. ಯಜಮಾನ ಲುಕ್ಕಾ ಎಂಬ ಊರಿಗೆ ಹೋಗಿದ್ದ. ಆಗ ಜೊವಾನ್ನಿ ಬಟ್ಟಿಸ್ಟಾ ಡೆಲ್ಲಾ ಪಲ್ಲಾ ಎಂಬವನು ಆ ಚಿತ್ರಗಳನ್ನು ಕಿತ್ತು ಒಯ್ಯಲು ಆಳುಗಳ ಜೊತೆ ಬಂದ. ಬಾಗಿಲಲ್ಲಿ ಎದುರಾದವಳು ಮನೆಯೊಡತಿ ಮಾರ್ಗೆರೀಟಾ. ವಸಾರಿ ಅವಳ ಬೈಗುಳವನ್ನು ಪೂರಾ ಬರೆದಿದ್ದಾನೆ. ಹಳೇ ಸಾಮಾನು ಮಾರುವವನೇ, ನಾಲ್ಕು ಕಾಸಿನ ವ್ಯಾಪಾರಿಯೇ, ದೊಡ್ಡವರ ಕೋಣೆಯ ಅಲಂಕಾರ ಕಿತ್ತು ಪರದೇಶಕ್ಕೆ ಸಾಗಿಸಲು ಬಂದೆಯಾ, ಇದು ನನ್ನ ಮದುವೆಯ ಮಂಚ, ನನ್ನ ಮಾವ ಮಾಡಿಸಿದ್ದು, ಪ್ರಾಣ ಕೊಟ್ಟೇನು, ಇದನ್ನು ಕೊಡಲಾರೆ. ಅವನು ಬರಿಗೈಯಲ್ಲಿ ವಾಪಸ್ ಹೋದ.

ಓದಿದಾಗೆಲ್ಲ ನಾನೂ ಅವಳಿಗೆ ಕೈಮುಗಿಯುತ್ತೇನೆ. ಆದರೆ ಆ ಚಿತ್ರಗಳು ಬೇಕಾಗಿದ್ದದ್ದು ಫ್ರಾನ್ಸಿನ ರಾಜ ಮೊದಲನೇ ಫ್ರಾನ್ಸಿಸ್‌ಗೆ. ಬೆಲೆ ಕಟ್ಟಿಕೊಟ್ಟು ರಾಜನಿಗೆ ಉಡುಗೊರೆ ಕಳಿಸಲು ಅನುಮತಿ ಕೊಟ್ಟದ್ದು ಊರಿನ ಸರ್ಕಾರ. ಬೈಸಿಕೊಂಡವನು ಮಾತ್ರ ನಾಲ್ಕು ಕಾಸಿನ ವ್ಯಾಪಾರಿ. ರಾಜ ಇಂದಿಗೂ ಕಲೆಯ ಮಹಾಪೋಷಕ. ಇನ್ನು ಮಾರ್ಗೆರೀಟಾ ಉಳಿಸಿದ ಚಿತ್ರಗಳು? ಆಂಡ್ರಿಯಾನ ಎರಡು ಹಲಗೆಗಳು 1584ರಲ್ಲಿ ಮೆಡಿಚಿ ದೊರೆಗೇ ಮಾರಾಟವಾದವು. ಪೊಂಟೊರ್ಮೊನವು ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿವೆ. ಯಾರೋ ಮಾರಿದರು, ಯಾರೋ ಕೊಂಡರು, ಹಾಗಾಗಿ ನಾವೂ ನೀವೂ ನೋಡುವಂತಾಯಿತು.

ಪೋಷಕ ಮಹಾಶಯರು ಚಿತ್ರ ಪಡೆಯುತ್ತಿದ್ದ ರೀತಿಯನ್ನೂ ಸ್ವಲ್ಪ ನೋಡಿ. ಉಚ್ಚೆಲ್ಲೊ ಬರೆದ ಸಾನ್ ರೊಮಾನೊ ಯುದ್ಧದ ಮೂರು ದೊಡ್ಡ ಚಿತ್ರಗಳು ಬಾರ್ಟೊಲಿನಿ ಮನೆಯವರದ್ದು. ಲೊರೆಂಜೊಗೆ ಅವು ಬೇಕಾದವು. ಮನೆಯ ಮಗ ಡಾಮಿಯಾನೊ ತನ್ನ ಪಾಲಿನದನ್ನು ಕೊಡಲು ಒಪ್ಪಲಿಲ್ಲ. ಆಳುಗಳನ್ನು ಕಳಿಸಿ ಎತ್ತಿಸಿಕೊಂಡು ಹೋದರು. ಲೊರೆಂಜೊ ಸತ್ತು, ಮೆಡಿಚಿಗಳು ಊರುಬಿಟ್ಟ ಮೇಲಷ್ಟೇ, 1495ರಲ್ಲಿ, ಡಾಮಿಯಾನೊ ದೂರು ಕೊಟ್ಟ. ಇತಿಹಾಸ ಲೊರೆಂಜೊನನ್ನು 'ಭವ್ಯ' ಎಂದು ಕರೆಯುತ್ತದೆ. ಎಟ್ಸಿಯೊ ಕೊಲೆಗಾರನಾದರೂ ಚಿತ್ರಕ್ಕೆ ದುಡ್ಡು ಕೊಡುತ್ತಾನೆ ಮೇಷ್ಟ್ರೇ!

ಹಾಗಂತ ವ್ಯಾಪಾರಿಗಳೆಲ್ಲ ದೇವರಲ್ಲ. ಎಟ್ಸಿಯೊನ ಕಾಲಕ್ಕಿಂತ ನೂರು ವರ್ಷ ಮೊದಲೇ ಪ್ರಾಟೊ ಊರಿನ ವ್ಯಾಪಾರಿ ದಾಟೀನಿ ಫ್ಲಾರೆನ್ಸಿನ ಚಿತ್ರಗಳನ್ನು ಫ್ರಾನ್ಸಿನ ಅವಿನ್ಯೋನ್‌ಗೆ ತರಿಸಿ ಮಾರುತ್ತಿದ್ದ. ಶಿಲುಬೆಯಾದರೂ ಸರಿ, ಮಾತೆ ಮೇರಿಯಾದರೂ ಸರಿ, ಆಕೃತಿಗಳು ದೊಡ್ಡದಾಗಿ ಚೆಂದ ಇರಲಿ, ಇಷ್ಟಕ್ಕಿಂತ ಜಾಸ್ತಿ ಖರ್ಚು ಮಾಡಬೇಡಿ ಎಂಬ ಧಾಟಿಯ ಆರ್ಡರುಗಳು ಅವನ ಕಾಗದಗಳಲ್ಲಿವೆ. ಕಲಾವಿದನಿಗೆ ದುಡ್ಡಿನ ತಾಪತ್ರಯ ಇದ್ದಾಗ ಕೊಳ್ಳಬೇಕು ಎಂಬ ಮಾತೂ ಇದೆ. ಕಟುಕ ಮಾತು. ಆದರೂ ಅವನಿಂದಾಗಿ ಹೆಸರಿಲ್ಲದ ಎಷ್ಟೋ ಚಿತ್ರಕಾರರ ಮನೆಯಲ್ಲಿ ಒಲೆ ಉರಿದಿರಬೇಕು. ಫ್ಲಾರೆನ್ಸಿನ ಪುಸ್ತಕ ವ್ಯಾಪಾರಿ ವೆಸ್ಪಸಿಯಾನೊನನ್ನು ನೋಡಿ. ಲೊರೆಂಜೊನ ಅಜ್ಜ ಕೊಸಿಮೊ ಮೆಡಿಚಿ ಕಟ್ಟಿಸುತ್ತಿದ್ದ ಗ್ರಂಥಾಲಯಕ್ಕಾಗಿ 45 ನಕಲುಗಾರರನ್ನು ಕೂರಿಸಿ 22 ತಿಂಗಳಲ್ಲಿ 200 ಹಸ್ತಪ್ರತಿ ಬರೆಸಿದ. ವಿದ್ವಾಂಸರೆಲ್ಲ ಹರಟೆಗೆ ಸೇರುತ್ತಿದ್ದದ್ದು ಅವನ ಅಂಗಡಿಯಲ್ಲಿ. ಗ್ರಂಥಾಲಯ ಕಟ್ಟಿದ ಕೀರ್ತಿ ಯಾರಿಗೆ ಹೋಯಿತು ಅಂತ ಹೇಳಬೇಕಾಗಿಲ್ಲ.

ನನ್ನ ಹೊಟ್ಟೆಯುರಿ ಫ್ಲಾರೆನ್ಸಿನದಲ್ಲ, ಇಲ್ಲಿನದು. ನಮ್ಮಲ್ಲಿ ಚಿತ್ರಕಲಾ ಪ್ರದರ್ಶನಕ್ಕೆ ಬಂದವರು ಕಾಫಿ ಕುಡಿಯುತ್ತಾರೆ, ಸೆಲ್ಫಿ ತೆಗೆಸಿಕೊಳ್ಳುತ್ತಾರೆ, 'ಇದನ್ನು ಬರೆಯಕ್ಕೆ ಎಷ್ಟು ದಿನ ಬೇಕಾಯ್ತು?' ಅಂತ ಕೇಳುತ್ತಾರೆ. ಎಷ್ಟು ದುಡ್ಡು ಅಂತ ಕೇಳುವುದಿಲ್ಲ. ಕೇಳಿದರೆ ಕಲಾವಿದನಿಗೆ ಅವಮಾನವಂತೆ! ಜನವರಿಯಲ್ಲಿ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಸಂತೆ ನಡೆದಾಗ ಫುಟ್‌ಪಾತಿನ ಮೇಲೆ ಬಿಸಿಲಲ್ಲಿ ಕುಳಿತ ಹುಡುಗಿಯ ಜೊತೆ ಅರ್ಧ ಗಂಟೆ ಚೌಕಾಸಿ ಮಾಡಿ, ಫ್ರೇಮಿನ ದುಡ್ಡು ಕಳೆದು ಕೊಡಮ್ಮ ಅಂದವರನ್ನು ಕಂಡಿದ್ದೇನೆ. ಮನೆಯ ಫಾಲ್ಸ್ ಸೀಲಿಂಗಿಗೆ ಲಕ್ಷಗಟ್ಟಲೆ ಸುರಿದವರ ಗೋಡೆಯಲ್ಲಿ ಬ್ಯಾಂಕಿನವರು ಸುಮ್ನೆ ಕೊಟ್ಟ ಕ್ಯಾಲೆಂಡರ್ ಇರುತ್ತದೆ. ಸಭೆ ಸಮಾರಂಭದವರು ಕಲಾವಿದನಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ ಕೊಡುತ್ತಾರೆ. ಶಾಲಿನಿಂದ ಕರೆಂಟ್ ಬಿಲ್ ಕಟ್ಟಕ್ಕಾಗುತ್ತಾ? ಪತ್ರಿಕೆಗಳೂ ಸಾಚಾ ಅಲ್ಲ. 'ನಿಮಗೆ ಪ್ರಚಾರ ಸಿಗುತ್ತಲ್ಲ' ಎಂದು ಚಿತ್ರ ಬರೆಸಿಕೊಂಡು ಕೈತೊಳೆದುಕೊಳ್ಳುವವರು ನಮ್ಮ ಕಸುಬಿನಲ್ಲೇ ಇದ್ದಾರೆ. ಇವರ ಮಧ್ಯೆ ಒಬ್ಬ ಒಳ್ಳೆ ಅಂಗಡಿಯವನಿದ್ದು, ರೇಟು ಬರೆದು ತಗುಲಿಹಾಕಿ, ಕಲಾವಿದನ ಪಾಲು ತಿಂಗಳಿಗೆ ಸರಿಯಾಗಿ ತಲುಪಿಸಿದರೆ ನಾನು ಅವನ ಅಂಗಡಿಗೆ ಬೆಳಿಗ್ಗೆ ಹೋಗಿ ಬಾಗಿಲು ತೆಗೆದುಕೊಡಲೂ ಸಿದ್ಧ.

ನಿಮ್ಮ ಮೊಮ್ಮಗ ಚಿತ್ರ ಬೇಕಾದರೆ ದುಡ್ಡು ಕೂಡಿಡಬೇಕು, ಅಂಗಡಿಗೆ ಹೋಗಬೇಕು, ಕೊಳ್ಳಬೇಕು ಅಂತ ಆಟದಲ್ಲಾದರೂ ಕಲಿಯುತ್ತಿದ್ದಾನೆ. ಆಡಲಿ ಬಿಡಿ.

ಅಂದ ಹಾಗೆ, ಲಕೋಟೆಯಲ್ಲಿ ನೀವು ಬರೆದ ಒಂದು ಜಲವರ್ಣ ಚಿತ್ರವೂ ಇತ್ತು. ಸೂಳೆಕೆರೆಯ ಏರಿ, ಮಳೆ ಮೋಡ, ಒಂದು ಬಿಳಿ ಎತ್ತು. ನೀರಿನ ಬಣ್ಣ ಬಹಳ ಚೆನ್ನಾಗಿ ಹಿಡಿದಿದ್ದೀರಿ. ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ 'ಮುಖಪುಟಕ್ಕೆ ಬಳಸಬಹುದು, ಗೌರವಧನ ಬೇಡ, ಕಲಾಸೇವೆ' ಎಂದು ಬರೆದಿದ್ದೀರಿ. ಹಾಗಿದ್ದರೆ ಬಳಸುವುದಿಲ್ಲ. ರೇಟು ಎಷ್ಟು ಅಂತ ಒಂದು ಕಾರ್ಡು ಹಾಕಿ, ಜೊತೆಗೆ ಬ್ಯಾಂಕ್ ಖಾತೆಯ ವಿವರ ಇರಲಿ. ಚೌಕಾಸಿ ಮಾಡುವ ಹಕ್ಕು ನನಗಿದೆ, ಅದನ್ನು ಬಿಟ್ಟುಕೊಡುವುದಿಲ್ಲ. ಮುಂದಿನ ತಿಂಗಳ ಸಂಚಿಕೆ 20ನೇ ತಾರೀಕಿಗೆ ಅಚ್ಚಿಗೆ ಹೋಗುತ್ತದೆ, ಅದಕ್ಕೆ ಮೊದಲು ತಿಳಿಸಿ.
— ಸಂ.