ಕಾರ್ಬನ್ ಫೆಲ್ಟ್ ನೀರು ಹೀರುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ: ಸರ್, ಡಿಪ್ಲೊಮಾ ಕೊನೇ ವರ್ಷದ ಪ್ರಾಜೆಕ್ಟಿಗೆ ವೆನೇಡಿಯಂ ಫ್ಲೋ ಬ್ಯಾಟರಿಯ (ವೆನೇಡಿಯಂ ಲೋಹ ಕರಗಿದ ದ್ರಾವಣವನ್ನು ಪಂಪ್‌ನಿಂದ ಹರಿಸಿ ಕರೆಂಟ್ ಕೂಡಿಡುವ ಬ್ಯಾಟರಿ) ಸಣ್ಣ ಮಾದರಿ ಮಾಡುತ್ತಿದ್ದೇವೆ. ಅದರ ಎಲೆಕ್ಟ್ರೋಡಿಗೆ ತರಿಸಿದ ಕಾರ್ಬನ್ ಫೆಲ್ಟ್ (ಕಾರ್ಬನ್ ಎಳೆಗಳ ಕಂಬಳಿಯಂಥ ಹಾಳೆ) ಮೇಲೆ ನೀರು ಹಾಕಿದರೆ ಗುಂಡಗೆ ನಿಂತುಬಿಡುತ್ತದೆ, ಒಳಗೆ ಇಳಿಯುವುದೇ ಇಲ್ಲ. ಸ್ವಲ್ಪ ಸೋಪು ಹಾಕು ಅಂತಾನೆ ಗೆಳೆಯ. ಹಾಕಬಹುದಾ?
– ವಿದ್ಯಾರ್ಥಿ, ದಾವಣಗೆರೆ

ಉತ್ತರ: ಬೇಡ. ಸೋಪು ಹಾಕಿದರೆ ನೀರೇನೋ ಇಳಿಯುತ್ತದೆ, ಆದರೆ ಪಂಪ್ ಓಡಿದ ಕೂಡಲೇ ನೊರೆ ಬರುತ್ತದೆ, ಎಳೆಯ ಮೈ ಮಾತ್ರ ಮೊದಲಿದ್ದಂತೆಯೇ ಇರುತ್ತದೆ. ನಿಮಗೆ ಬದಲಾಗಬೇಕಿರುವುದು ಆ ಮೈ.

ಫೆಲ್ಟ್ ತಯಾರಿಸುವಾಗ ಎಳೆಗಳನ್ನು ಸಾಮಾನ್ಯವಾಗಿ 1000 ಡಿಗ್ರಿ ಸೆಲ್ಸಿಯಸ್‌ಗೂ ಜಾಸ್ತಿ ಕಾಯಿಸಿರುತ್ತಾರೆ. ಅಷ್ಟು ಬಿಸಿಗೆ ಬೇರೆಲ್ಲ ಹಾರಿಹೋಗಿ ಹೆಚ್ಚುಕಡಿಮೆ ಬರೀ ಕಾರ್ಬನ್ ಉಳಿಯುತ್ತದೆ. ಕರೆಂಟ್ ಚೆನ್ನಾಗಿ ಹರಿಯುತ್ತದೆ ನಿಜ, ಆದರೆ ನೀರಿಗೆ ಹಿಡಿದುಕೊಳ್ಳಲು ಅಲ್ಲಿ ಏನೂ ಇರುವುದಿಲ್ಲ, ಕೆಸುವಿನ ಎಲೆ ಮೇಲಿನ ಹನಿಯ ಹಾಗೆ ಉರುಳುತ್ತದೆ. ಒದ್ದೆಯಾಗದ ಎಳೆಯ ಸುತ್ತ ಗಾಳಿ ಸಿಕ್ಕಿಕೊಂಡು, ಫೆಲ್ಟಿನ ಅಷ್ಟು ಭಾಗ ಸುಮ್ನೆ ಜಾಗ ಹಿಡಿದಿರುತ್ತದೆ.

ಇದಕ್ಕೆ ಹಳೆಯ, ನಂಬಬಹುದಾದ ದಾರಿ ಒಂದಿದೆ. ಈ ಬ್ಯಾಟರಿಯನ್ನು 1980ರ ದಶಕದಲ್ಲಿ ರೂಪಿಸಿದ್ದು ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಮರಿಯಾ ಸ್ಕಿಲ್ಲಾಸ್-ಕಜಾಕೋಸ್ ಅವರ ತಂಡ. ಫೆಲ್ಟನ್ನು 400 ಡಿಗ್ರಿಯಲ್ಲಿ 30 ಗಂಟೆ ಗಾಳಿಯಲ್ಲಿ ಕಾಯಿಸಿದರೆ ಬ್ಯಾಟರಿಯ ದಕ್ಷತೆ 78ರಿಂದ 88 ಶೇಕಡಕ್ಕೆ ಏರುತ್ತದೆ ಅಂತ 1992ರಲ್ಲಿ ತೋರಿಸಿದ್ದೂ ಅವರೇ. ಗಾಳಿಯ ಆಕ್ಸಿಜನ್ ಎಳೆಯ ಮೈಗೆ ಅಲ್ಲಲ್ಲಿ ಅಂಟಿಕೊಳ್ಳುತ್ತದೆ. ನೀರು ಹಿಡಿಯುವುದು ಅದನ್ನೇ, ವೆನೇಡಿಯಂ ಅಯಾನಿಗೆ (ದ್ರಾವಣದಲ್ಲಿರುವ ವಿದ್ಯುದಾವೇಶದ ಕಣ) ಎಲೆಕ್ಟ್ರಾನ್ ಕೊಟ್ಟು ತೆಗೆದುಕೊಳ್ಳುವ ಕೆಲಸವೂ ಅದರಿಂದ ಸಲೀಸಾಗುತ್ತದೆ. ಸೋಪಿನಿಂದ ಈ ಎರಡನೆಯದು ಆಗುವುದಿಲ್ಲ.

ಮನೆಯ ಓವನ್ ಸಾಕಾಗದು, ಕಾಲೇಜಿನ ಮಫಲ್ ಫರ್ನೇಸ್ (ಲ್ಯಾಬಿನಲ್ಲಿ ತುಂಬಾ ಬಿಸಿ ಕಾಯಿಸುವ ವಿದ್ಯುತ್ ಕುಲುಮೆ) ಕೇಳಿ. ಪಿಂಗಾಣಿ ಬೋಗುಣಿಯಲ್ಲಿಡಿ, ಮುಚ್ಚಳ ಬೇಡ, ಗಾಳಿ ಆಡಬೇಕು. 30 ಗಂಟೆ ಕಾಯಿಸಲು ಕಾಲೇಜಿನವರು ಬಿಡದಿದ್ದರೆ ಆರೇಳು ಗಂಟೆ ಕಾಯಿಸಿ ನೋಡಿ, ಅದರಲ್ಲೂ ವ್ಯತ್ಯಾಸ ಕಾಣುತ್ತದೆ. ಬೇಗ ಮುಗಿಯಲಿ ಅಂತ ಬಿಸಿ ಮಾತ್ರ ಏರಿಸಬೇಡಿ, ಕಾರ್ಬನ್ನೇ ಉರಿದುಹೋಗಿ ಫೆಲ್ಟ್ ಪುಡಿಪುಡಿಯಾಗುತ್ತದೆ. ಮೊದಲೂ ಆಮೇಲೂ ತೂಕ ಮಾಡಿ, ತುಂಬಾ ಇಳಿದಿದ್ದರೆ ಅತಿಯಾಯಿತು ಅಂತಲೇ ಅರ್ಥ. ತಣ್ಣಗಾದ ಮೇಲೆ ಒಂದು ಹನಿ ನೀರು ಬಿಡಿ, ತಟ್ಟನೆ ಒಳಗೆ ಹೋಗಬೇಕು. ಹಾಗಾದರೆ ತಡಮಾಡದೆ ಸೆಲ್‌ಗೆ ಹಾಕಿ, ತಿಂಗಳುಗಟ್ಟಲೆ ಬಯಲಲ್ಲಿಟ್ಟರೆ ಈ ಗುಣ ಕಮ್ಮಿಯಾಗುತ್ತಾ ಬರುತ್ತದೆ. ಕತ್ತರಿಸುವಾಗ ಮಾಸ್ಕ್ ಹಾಕಿಕೊಳ್ಳಿ ದಯವಿಟ್ಟು. ಆ ನವಿರು ಎಳೆಗಳು ಹಾರಾಡುತ್ತವೆ, ಅವುಗಳಲ್ಲಿ ಕರೆಂಟೂ ಹರಿಯುವುದರಿಂದ ಮೀಟರ್, ಲ್ಯಾಪ್‌ಟಾಪ್ ದೂರವಿರಲಿ.

ಪ್ರಶ್ನೆ: ತೆಂಗಿನ ಚಿಪ್ಪಿನ ಇದ್ದಿಲನ್ನು ಇದೇ ಬ್ಯಾಟರಿಗೆ ಬಳಸಬಹುದಾ?
– ಓದುಗರು, ತಿಪಟೂರು

ಉತ್ತರ: ಇದಕ್ಕೆ ಒಗ್ಗುವುದಿಲ್ಲ. ಚಿಪ್ಪಿನ ಇದ್ದಿಲನ್ನು 800–900 ಡಿಗ್ರಿಯಲ್ಲಿ ಹಬೆ ಹಾಯಿಸಿ ರಂಧ್ರ ತೆರೆಸುತ್ತಾರೆ, ಆದರೆ ಅವು ಹೆಚ್ಚಿನವು 2 ನ್ಯಾನೋಮೀಟರಿಗಿಂತ ಕಿರಿದು, ಪಂಪ್ ತಳ್ಳುವ ದ್ರಾವಣ ಅಲ್ಲಿ ಹಾಯುವುದಿಲ್ಲ. ಸೂಪರ್‌ಕೆಪಾಸಿಟರ್‌ಗೆ (ಕರೆಂಟನ್ನು ಬೇಗ ತುಂಬಿ ಬೇಗ ಬಿಡುವ ಸಾಧನ) ಮಾತ್ರ ಅಂಥ ಕಿರಿ ರಂಧ್ರಗಳೇ ಬೇಕು. ಅಲ್ಲಿ ದ್ರಾವಣ ಹರಿಯಬೇಕಿಲ್ಲ, ಅಯಾನುಗಳು ಬಂದು ಕೂತರೆ ಸಾಕು.