ಹತ್ತನೇ ತರಗತಿಗೆ ಆಟದ ಅವಧಿ ಬೇಡವೆ?

ಮಾನ್ಯರೇ,

ಹೊಸನಗರ ತಾಲ್ಲೂಕಿನಿಂದ ತಾವು ಬರೆದ ಪತ್ರ ತಲುಪಿದೆ. ತಮ್ಮೂರಿನ ಸರ್ಕಾರಿ ಪ್ರೌಢಶಾಲೆ ಹತ್ತನೇ ತರಗತಿಯ ಆಟದ ಅವಧಿಯನ್ನು ಜೂನ್‌ನಿಂದಲೇ ಗಣಿತಕ್ಕೆ ಬಿಟ್ಟುಕೊಟ್ಟಿರುವುದು ಸರಿಯೆಂದೂ, ಇಷ್ಟೊಂದು ಮಳೆ ಸುರಿಯುವ ಕಡೆ ಓಟ, ಜಿಗಿತ ಕಲಿಸುವುದು ವ್ಯರ್ಥವೆಂದೂ, ಬಹುಮಾನಗಳು ಹೇಗೂ ವಸತಿ ಶಾಲೆಗಳ ಪಾಲಾಗುತ್ತವೆಂದೂ ತಾವು ವಾದಿಸಿದ್ದೀರಿ. ಕೊನೆಯ ಮಾತಿನಲ್ಲಿ ಹುರುಳಿದೆ. ಆವರಣದಲ್ಲೇ ಮಲಗಿ ಏಳುವ ಮಕ್ಕಳಿಗೆ ಸಿಗುವ ಬೆಳಗಿನ ಅಭ್ಯಾಸ, ಗುಡ್ಡ ಇಳಿದು ಬಸ್ಸು ಹಿಡಿಯುವವರಿಗೆ ಸಿಗುವುದಿಲ್ಲ. ಉಳಿದೆರಡನ್ನು ನಾನು ಒಪ್ಪಲಾರೆ.

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ, ಹುಲಿಕಲ್ಲಿನ ಕಥೆಯೂ ಹೆಚ್ಚುಕಡಿಮೆ ಅದೇ. ಆದರೆ ನಮ್ಮ ಮಕ್ಕಳನ್ನು ಹಿಂದೆ ತಳ್ಳುವುದು ಮಳೆಗಿಂತ ಹೆಚ್ಚಾಗಿ ಕ್ರೀಡಾಕೂಟದ ವೇಳಾಪಟ್ಟಿ. ಹೋಬಳಿ, ತಾಲ್ಲೂಕು ಮಟ್ಟದ ಕೂಟಗಳು ಸಾಮಾನ್ಯವಾಗಿ ಜುಲೈನಿಂದ ಸೆಪ್ಟೆಂಬರ್ ನಡುವೆ ಬರುತ್ತವೆ. ಶಿಕಾರಿಪುರದ ಕಡೆಯ ಹುಡುಗ ಆ ಹೊತ್ತಿಗೆ ಒಂದಿಷ್ಟಾದರೂ ಮೈದಾನ ಕಂಡಿರುತ್ತಾನೆ. ಹೊಸನಗರದ ಹುಡುಗ ಹಾವಸೆಗಟ್ಟಿದ ಅಂಗಳ ನೋಡುತ್ತಾ ಜಗಲಿಯಲ್ಲಿ ಕುಳಿತಿರುತ್ತಾನೆ. ಜಿಲ್ಲಾ ಮಟ್ಟದಲ್ಲಿ ಇಬ್ಬರೂ ಒಂದೇ ಗೆರೆಯ ಮೇಲೆ ನಿಲ್ಲಬೇಕು. ಇದರ ಜೊತೆಗೆ, ಜಿಲ್ಲಾಧಿಕಾರಿಗಳು ಕೊಟ್ಟ ಮಳೆ ರಜೆಯನ್ನು ಶನಿವಾರ ಮಧ್ಯಾಹ್ನ ಪಾಠ ನಡೆಸಿ ಸರಿದೂಗಿಸುವಾಗ, ಅಭ್ಯಾಸಕ್ಕೆಂದು ಉಳಿದಿದ್ದ ಅರ್ಧ ದಿನವೂ ಹೋಗುತ್ತದೆ. ದೈಹಿಕ ಶಿಕ್ಷಕರಿಗಂತೂ ಆಟವೊಂದನ್ನು ಬಿಟ್ಟು ಉಳಿದೆಲ್ಲ ಕೆಲಸವೂ ಇರುತ್ತದೆ.

ಹಾಗಾಗಿ ಅಭ್ಯಾಸವನ್ನು ಬೇಸಿಗೆಯ ಬದಿಗೆ ತರಬೇಕೆಂಬುದು ನನ್ನ ವಾದ. ಅಡಿಕೆ ಕೊಯ್ಲು ಮುಗಿಯುತ್ತಾ ಬರುವ ಜನವರಿಯಿಂದ ಮಾರ್ಚ್‌ವರೆಗೆ ನೆಲ ಒಣಗಿರುತ್ತದೆ. ಆಗ ಇಡೀ ಶಾಲೆ ಎಸ್ಸೆಸ್ಸೆಲ್ಸಿ ಪರೀಕ್ಷೆಯ ಚಿಂತೆಯಲ್ಲಿದ್ದರೂ ಎಂಟು, ಒಂಬತ್ತನೇ ತರಗತಿಯವರಿಗೆ ಆ ಹೊರೆಯಿಲ್ಲ. ಮುಂದಿನ ಆಗಸ್ಟಿನಲ್ಲಿ ಓಡಬೇಕಾದವರು ಅವರೇ. 400 ಮೀಟರಿನ ಪೂರ್ಣ ಟ್ರ್ಯಾಕಿಗೆ ಸುಮಾರು 177 ಮೀಟರ್ ಉದ್ದ, 93 ಮೀಟರ್ ಅಗಲದ ಸಮತಟ್ಟು ಜಾಗ ಬೇಕು. ಗುಡ್ಡ ಕಡಿದು ಮಾಡಿದ ನಮ್ಮ ಮೈದಾನಗಳಲ್ಲಿ ಅದನ್ನು ನಿರೀಕ್ಷಿಸುವಂತಿಲ್ಲ. 200 ಮೀಟರಿನ ಟ್ರ್ಯಾಕ್ ಹಾಕಬಹುದು, ಉದ್ದ ಜಿಗಿತಕ್ಕೆ ಮರಳಿನ ಗುಂಡಿ ತೋಡಬಹುದು. ಕಬಡ್ಡಿ, ಖೋ-ಖೋಗಳಿಗೆ ಜಾಗದ ನೆಪ ಹೇಳುವ ಹಾಗೇ ಇಲ್ಲ. ಮೇಲಿನ ದರೆಯ ಬುಡಕ್ಕೆ ಒಂದು ಚರಂಡಿ ತೆಗೆಸುವ ಕೆಲಸವನ್ನು ಶಾಲಾಭಿವೃದ್ಧಿ ಸಮಿತಿ ಮೇ ತಿಂಗಳೊಳಗೆ ಮುಗಿಸಿದರೆ, ಮಳೆ ಬಿಟ್ಟ ದಿನಗಳಲ್ಲೂ ಅಂಗಳ ಉಪಯೋಗಕ್ಕೆ ಬರುತ್ತದೆ.

ಇನ್ನು ಹತ್ತನೇ ತರಗತಿಯ ಅಂಕಗಳ ಮಾತು. ದೈಹಿಕ ಶಿಕ್ಷಣವು 625 ಅಂಕಗಳ ಲೆಕ್ಕಕ್ಕೆ ಸೇರುವುದಿಲ್ಲ ಎಂದು ತಾವು ಬರೆದಿರುವುದು ನಿಜ, ಸೇರಿಸಬೇಕೆಂದು ನಾನೂ ಕೇಳುವುದಿಲ್ಲ. ಆದರೆ ತಾಲ್ಲೂಕು ಕೂಟ ಮುಗಿದ ಮೇಲೆ ಪರೀಕ್ಷೆಗೆ ಆರು ತಿಂಗಳ ಆಸುಪಾಸು ಸಮಯವಿರುತ್ತದೆ. ಜೂನ್‌ನಲ್ಲೇ ಆಟದ ಅವಧಿ ಕಿತ್ತುಕೊಂಡು ಗಳಿಸುವುದು ಬಳಲಿದ ಮಕ್ಕಳಿಗೆ ಇನ್ನೊಂದು ಗಣಿತದ ತರಗತಿಯನ್ನು ಮಾತ್ರ.

ತಮ್ಮ ಮಗಳು ಒಂಬತ್ತನೆಯಲ್ಲಿದ್ದು ಗುಂಡು ಎಸೆತಕ್ಕೆ ಹೆಸರು ಕೊಟ್ಟಿರುವುದನ್ನು ಪತ್ರದ ಕೊನೆಯಲ್ಲಿ ತಿಳಿಸಿ, ಕಳಿಸಬೇಕೇ ಎಂದು ಕೇಳಿದ್ದೀರಿ. ದಯವಿಟ್ಟು ಕಳಿಸಿ. 17 ವರ್ಷದೊಳಗಿನ ಬಾಲಕಿಯರ ಗುಂಡು 3 ಕೆ.ಜಿ. ತೂಕದ್ದು, ಎಸೆಯುವ ವೃತ್ತದ ವ್ಯಾಸ 2.135 ಮೀಟರ್, ಅದಕ್ಕೆ ಶಾಲೆಯ ಅಂಗಳವೇ ಸಾಕು. ತೊಡಕಿರುವುದು ಸಂಜೆಯ ಬಸ್ಸಿನಲ್ಲಿ. 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯ ಉಚಿತ ಪ್ರಯಾಣ ಸರ್ಕಾರಿ ಬಸ್ಸಿಗೆ ಸೀಮಿತ, ತಮ್ಮ ಕಡೆಯ ಒಳದಾರಿಗಳಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು. ಅಭ್ಯಾಸವನ್ನು ಸಂಜೆಯ ಬದಲು ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ ಇಟ್ಟುಕೊಳ್ಳುವಂತೆ ಇತರ ಪೋಷಕರೊಡನೆ ಹೋಗಿ ಮುಖ್ಯೋಪಾಧ್ಯಾಯರನ್ನು ಕೇಳಿ ನೋಡಿ.

— ಸಂ.