ಔಲಿ ಇಬ್ಬರಿಗೂ ಸಾಕಾ? – ಪ್ರತಿಕ್ರಿಯೆ

ಸರ್, ನಿಮಗೆ ಸ್ಕೀ (ಕಾಲಿಗೆ ಉದ್ದ ಪಟ್ಟಿ ಕಟ್ಟಿ ಹಿಮದ ಮೇಲೆ ಜಾರೋ ಆಟ) ಹೊಸದು, ನಿಮ್ಮ ಮನೆಯವರು ಕೆನಡಾದಲ್ಲಿ ಎರಡು ಸೀಸನ್ ಆಡಿದ್ದಾರೆ, ಇಬ್ಬರಿಗೂ ಉತ್ತರಾಖಂಡದ ಸ್ಕೀ ತಾಣ ಔಲಿ ಹೊಂದುತ್ತಾ ಅಂತ ಕೇಳಿದ್ರಿ. ನಿಮಗೆ ಖಂಡಿತ ಹೊಂದುತ್ತೆ. ಅವರಿಗೆ ಮೂರನೇ ದಿನಕ್ಕೆ ಬೇಜಾರಾಗಬಹುದು.

ಔಲಿ ಅಂದ್ರೆ ಹೆಚ್ಚುಕಮ್ಮಿ ಒಂದೇ ಗುಡ್ಡ, ಸುಮಾರು 2,500ರಿಂದ 3,050 ಮೀಟರ್ ಎತ್ತರ. ಎಷ್ಟು ಕಷ್ಟ ಅಂತ ತೋರಿಸೋಕೆ ಹಸಿರು, ನೀಲಿ, ಕಪ್ಪು ಹಲಗೆ ನೆಟ್ಟ ಹತ್ತಾರು ದಾರಿಗಳನ್ನ ಇಲ್ಲಿ ಹುಡುಕಬೇಡಿ. ನೀವು ಅಲ್ಲಿನ ಸರ್ಕಾರಿ ಪ್ರವಾಸೋದ್ಯಮ ಸಂಸ್ಥೆ ಗಢವಾಲ್ ಮಂಡಲ್ ವಿಕಾಸ್ ನಿಗಮದ 7 ದಿನದ ಕೋರ್ಸ್ ಸೇರಿ. ಮೊದಲ ದಿನಗಳು ಸಣ್ಣ ಇಳಿಜಾರಲ್ಲೇ ಕಳೆಯುತ್ತೆ: ಅಡ್ಡಡ್ಡ ಹೆಜ್ಜೆ ಇಟ್ಟು ಹತ್ತೋದು, ಸ್ಕೀಗಳ ಮುಂದಿನ ತುದಿ ಹತ್ತಿರ ತಂದು ಹಿಮ್ಮಡಿ ಹೊರಗೆ ದೂಡಿ ನಿಲ್ಲಿಸೋದು, ಬೀಳೋದು, ಮತ್ತೆ ಏಳೋದು. ಏಳೋದೇ ಕಷ್ಟ, ನಂಬಿ! ತಿರುಗೋದು, ನಿಲ್ಲಿಸೋದು ಎರಡೂ ಕೈಗೆ ಬರೋವರೆಗೆ ಮೇಲಿನ ಇಳಿಜಾರಿಗೆ ಹೋಗಬೇಡಿ.

ನಿಮ್ಮ ಮನೆಯವರಿಗೆ ಆ ಮೇಲಿನ ಭಾಗವೇ ಸರಿ. 2011ರ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟದ ಸ್ಪರ್ಧೆಗಳು ನಡೆದ ಜಾಗ ಔಲಿ. ಎದುರಿಗೆ ನಂದಾದೇವಿ ಬೇರೆ. ಆದರೆ ಮೆತ್ತನೆ ಹೊಸ ಹಿಮ, ಉದ್ದದ ಇಳಿತ ಬೇಕು ಅಂದ್ರೆ ಕಾಶ್ಮೀರದ ಗುಲ್ಮಾರ್ಗ್‌ನ ಅಫರ್ವಟ್ ಬೆಟ್ಟದ ಕಡೆಗೇ ಹೋಗಬೇಕು. ಅಲ್ಲಿ ಹಿಮಕುಸಿತದ ಅಪಾಯ ಇದೆ, ಗೈಡ್ ಇಲ್ಲದೆ ಬೇಡ.

ಇನ್ನೊಂದು, 2023ರಲ್ಲಿ ಔಲಿಯ ಕೆಳಗಿನ ಊರು ಜೋಶಿಮಠದ ನೆಲ ಕುಸಿದಾಗ, ಅಲ್ಲಿಂದ ಔಲಿಗೆ ಹೋಗೋ ರೋಪ್‌ವೇ ನಿಂತಿತ್ತು. ರಸ್ತೆಯಲ್ಲೇ ಹೋಗೋ ಲೆಕ್ಕ ಹಾಕಿಕೊಳ್ಳಿ.